ಸಣ್ಣಮೂಗಿಗೆ ಒಗ್ಗುವ ಬೆಕ್ಕು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಸೀನು. ಅದೂ ಎರಡು ತಿಂಗಳ ಹಿಂದೆ ಸೀನಿ ಮುಗಿಸಿದ ಹಳೇ ಸೀನು.

ಚಹಾ ಕಂಪನಿಯ ಪರೀಕ್ಷೆ ಕೋಣೆಯಲ್ಲಿ ಸಣ್ಣಮೂಗಿಗೆ ಹದಿನಾಲ್ಕು ವರ್ಷದ ಕೆಲಸ. ಬಂದ ಚಹಾ ಎಲೆಯನ್ನು ಮೂಸುವುದು, ಬಿಸಿನೀರಲ್ಲಿ ನೆನೆಸುವುದು, ಚಮಚದಲ್ಲಿ ಸೊರ್ರೆಂದು ಎಳೆದು ಬಾಯೊಳಗೆ ಆಡಿಸಿ ಡಬ್ಬಿಗೆ ಉಗುಳುವುದು, ಆಮೇಲೆ ‘ಇದು ಸರಿ, ಇದು ಬೇಡ’ ಎನ್ನುವುದು. ಕೋಣೆಯ ಮುಖ್ಯಸ್ಥರಿಗೆ ದೊಡ್ಡಮೂಗು ಎಂದು ಹೆಸರು. ಅವರ ಕೈಕೆಳಗಿನವನು ಸಣ್ಣಮೂಗು. ಇದು ಹುದ್ದೆಯ ಲೆಕ್ಕವೇ ಹೊರತು ಅಳತೆಯ ಲೆಕ್ಕವಲ್ಲ. ಅಳತೆಗೇ ಇಳಿದರೆ ಸಣ್ಣಮೂಗಿನದೇ ಒಂದು ಕೈ ಮೇಲು.

ಎರಡು ತಿಂಗಳ ಹಿಂದೆ ಗೋದಾಮಿನಲ್ಲಿ ಇಲಿ ಕಾಟ ಹೆಚ್ಚಾಯಿತೆಂದು ಕಂಪನಿಯ ಯಜಮಾನಿ ಬೀದಿಯ ಬೆಕ್ಕೊಂದನ್ನು ಹಿಡಿದು ತರಿಸಿದ್ದರು. ಅವತ್ತೇ ಒಬ್ಬ ದೊಡ್ಡ ಗಿರಾಕಿ ಬಂದಿದ್ದರು. ಅವರ ಮುಖದೆದುರು ಅತಿ ನಾಜೂಕಿನ ಎಲೆ ತುಂಬಿದ ತಟ್ಟೆ ಹಿಡಿದಿದ್ದ ಸಣ್ಣಮೂಗು, ಬೆಕ್ಕು ಕಾಲಡಿ ಸುಳಿದದ್ದೇ ತಡ, ‘ಆಕ್ಷೀ!’ ಎಂದುಬಿಟ್ಟ. ಎಲೆಯೆಲ್ಲ ಗಿರಾಕಿಯ ಮೀಸೆಯಲ್ಲಿ ಠಿಕಾಣಿ ಹೂಡಿತು. ಬೆಕ್ಕನ್ನು ಅದೇ ಸಂಜೆ ವಾಪಸು ಬಿಟ್ಟರು. ಇಲಿಗಳು ಗೋದಾಮಿನಲ್ಲಿ ಮದುವೆ ಮುಂಜಿ ಮಾಡಿಕೊಂಡು ವಂಶ ಬೆಳೆಸಿದವು.

ಈಗ ದೊಡ್ಡಮೂಗು ನಿವೃತ್ತರಾಗುವ ದಿನ ಬಂದಿತ್ತು. ಸಂಜೆ ಅವರ ಬೆಳ್ಳಿ ಚಮಚ ಇನ್ನೊಬ್ಬರ ಕೈಗೆ ಹೋಗಬೇಕು. ಯಾರ ಕೈಗೆ ಎಂಬುದನ್ನು ಯಜಮಾನಿ ಇನ್ನೂ ಬಾಯಿಬಿಟ್ಟಿರಲಿಲ್ಲ. ಸರದಿಯ ಪ್ರಕಾರ ಸಣ್ಣಮೂಗಿಗೆ. ನೆಂಟಸ್ತಿಕೆಯ ಪ್ರಕಾರ ಯಜಮಾನಿಯ ಮೈದುನನಿಗೆ. ಈ ಮೈದುನನಿಗೆ ಚಹಾಕ್ಕೂ ಒಣಹುಲ್ಲು ನೆನೆಸಿದ ನೀರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ, ಆದರೆ ಚಮಚ ಹಿಡಿದು ಫೋಟೋ ತೆಗೆಸಿಕೊಳ್ಳಲು ಒಳ್ಳೆಯ ಅಂಗಿ ಹೊಲಿಸಿಟ್ಟುಕೊಂಡಿದ್ದ.

ಸಣ್ಣಮೂಗಿಗೆ ಆ ಚಮಚದ ಮೇಲೆ ಆಸೆ ಅನ್ನುವುದಕ್ಕಿಂತ ಭಕ್ತಿ. ದೊಡ್ಡಮೂಗು ತಟ್ಟೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ‘ಬೇಡ’ ಎಂದರೆ ಆ ಪೆಟ್ಟಿಗೆಯ ತಳದಲ್ಲಿ ತೇವ ಇದ್ದೇ ಇರುತ್ತಿತ್ತು. ಒಮ್ಮೆಯೂ ತಪ್ಪಿದ್ದಿಲ್ಲ. ಮನುಷ್ಯನ ಮುಖದಲ್ಲಿ ಇಂಥದ್ದೊಂದು ಅದ್ಭುತ ಅಂಟಿಕೊಂಡಿರಲು ಸಾಧ್ಯವೇ ಎಂದು ಅವನಿಗೆ ಹದಿನಾಲ್ಕು ವರ್ಷವೂ ಬೆರಗು. ಆ ಕುರ್ಚಿಯಲ್ಲಿ ತಾನು ಕೂರಬೇಕು, ಅಷ್ಟೇ.

“ಸಂಜೆ ಚಮಚ ಹಿಡ್ಕೊಂಡೇ ಮನೆಗೆ ಬನ್ನಿ,” ಎಂದು ಹೆಂಡತಿ ಬಾಗಿಲಲ್ಲಿ ನಿಂತು ಹೇಳಿ ಕಳಿಸಿದ್ದಳು.

ಬೆಳಿಗ್ಗೆ ಒಂಬತ್ತೂವರೆಗೆ ಪರೀಕ್ಷೆ ಕೋಣೆಗೆ ಕಾಲಿಟ್ಟಾಗ ಎಲ್ಲರೂ ಮೇಜಿನ ಸುತ್ತ ನೆರೆದಿದ್ದರು. ನಡುವೆ ಒಂದು ಬುಟ್ಟಿ. ಯಜಮಾನಿ ಕೈ ಬೀಸಿ ಕರೆದರು.

“ಬನ್ನಿ ಬನ್ನಿ! ನಿಮಗೋಸ್ಕರ ಎರಡು ತಿಂಗಳಿಂದ ಹುಡುಕಿ ಹುಡುಕಿ ತರಿಸಿದೀನಿ. ಅಲರ್ಜಿ ಇರೋರಿಗೆ ಅಂತಾನೇ ಇರೋ ಜಾತಿಯಂತೆ. ಮೈ ಮೇಲೆ ಒಂದೇ ಒಂದು ಕೂದಲಿಲ್ಲ. ಕೂದಲಿಲ್ಲ ಅಂದ್ಮೇಲೆ ಸೀನೆಲ್ಲಿಂದ ಬರ್ಬೇಕು, ಹೇಳಿ?”

ಬುಟ್ಟಿಯಿಂದ ಅದು ಎದ್ದು ನಿಂತಿತು. ಸಣ್ಣಮೂಗು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ. ನಗು ಬರುತ್ತದೆಂದುಕೊಂಡಿದ್ದ, ಬರಲಿಲ್ಲ. ಬರೀ ಮೈ, ಮೈತುಂಬ ಸಣ್ಣ ಸಣ್ಣ ಸುಕ್ಕು, ಬೆಳಕು ಹಾಯ್ದು ಕೆಂಪಗೆ ಕಾಣುವ ಅಗಲ ಕಿವಿ, ತಿಳಿಹಸಿರು ಕಣ್ಣು. ಇದೀಗ ಹುಟ್ಟಿದ ಮಗುವೂ ನೂರು ವರ್ಷದ ಮುದುಕನೂ ಒಂದೇ ಚರ್ಮದಲ್ಲಿ ಕೂತ ಹಾಗಿತ್ತು. ಅದು ಅವನನ್ನು ನೋಡಿದ ರೀತಿಗೆ, ತಾನು ಇಂದಿನವರೆಗೆ ಮಾಡಿದ ತಪ್ಪೆಲ್ಲ ಅದಕ್ಕೆ ಗೊತ್ತಿದೆ ಅನ್ನಿಸಿ, ಅವನು ತನಗೇ ಅರಿವಿಲ್ಲದೆ ತಲೆ ತಗ್ಗಿಸಿದ.

“ಅಮ್ಮಾವ್ರೇ, ಅದು ಕೂದಲಲ್ಲಿ ಇರೋದಲ್ವಂತೆ,” ಎಂದು ಟೈಪಿಸ್ಟ್ ಅಕ್ಕ ಬಾಯಿ ಹಾಕಿದಳು. ಅವಳ ತಂಗಿ ಆಸ್ಪತ್ರೆಯಲ್ಲಿ ನರ್ಸು, ಹಾಗಾಗಿ ಕಂಪನಿಯ ವೈದ್ಯಶಾಸ್ತ್ರವೆಲ್ಲ ಅಕ್ಕನ ಸುಪರ್ದಿಗೆ. “ಎಂಜಲಲ್ಲಿ, ಚರ್ಮದಲ್ಲಿ ಇರುತ್ತಂತೆ. ಮೈ ನೆಕ್ಕೊಳ್ಳುತ್ತಲ್ಲ, ಒಣಗಿ ಗಾಳಿಗೆ ಬರುತ್ತಂತೆ. ಯಾವ ಜಾತೀನೂ ಪೂರ್ತಿ ಒಗ್ಗುತ್ತೆ ಅಂತ ಹೇಳಕ್ಕಾಗಲ್ಲ. ಕೆಲವರಿಗೆ ಕೆಲವು ಬೆಕ್ಕು ಸ್ವಲ್ಪ ತಡೆಯುತ್ತೆ, ಪಕ್ಕದಲ್ಲಿ ಕೂತೇ ನೋಡ್ಬೇಕು.”

“ಗುಂಗುರು ಕೂದಲಿನ ಒಂದು ಜಾತಿ ಇದೆ, ನನ್ನ ಸ್ನೇಹಿತನಿಗೆ ಅದು ಒಗ್ಗಿದೆ,” ಎಂದ ಮೈದುನ.

“ಉದ್ದ ಕೂದಲಿಂದೇ ಒಳ್ಳೇದಂತಲ್ಲ?” ಎಂದ ಪೆಟ್ಟಿಗೆಗಳಿಗೆ ಮುಚ್ಚಳ ಹೊಡೆಯುವ ಬಡಗಿ. “ನಮ್ಮತ್ತೆ ಮನೇಲಿ ಬಿಳಿ ಬೆಕ್ಕು ಇದ್ರೆ ಯಾರೂ ಸೀನಲ್ಲ, ಕರಿ ಬೆಕ್ಕು ಬಂದ್ರೆ ಸಾಕು.”

“ಸಾಕು ಸುಮ್ನಿರಿ,” ಎಂದು ಯಜಮಾನಿ ಸಭೆ ಮುಗಿಸಿದರು. “ಪಕ್ಕದಲ್ಲಿ ಕೂತೇ ನೋಡ್ಬೇಕು ತಾನೇ? ಇವತ್ತು ಇಡೀ ದಿನ ಇವರ ಪಕ್ಕದಲ್ಲೇ ಇರಲಿ. ನೋಡಿ, ನಾನು ನೇರವಾಗಿ ಹೇಳ್ತೀನಿ. ಬೆಕ್ಕಿಲ್ಲದೆ ಗೋದಾಮು ನಡೆಯಲ್ಲ. ಬೆಕ್ಕಿನ ಜೊತೆ ಇರಕ್ಕಾಗದ ಮೂಗಿಗೆ ದೊಡ್ಡವರ ಕುರ್ಚಿ ಕೊಡಕ್ಕಾಗಲ್ಲ. ಸಂಜೆವರೆಗೆ ಸೀನದೆ ಇದ್ರೆ ಚಮಚ ನಿಮ್ದೇ.”

ಮೈದುನ ಅಂಗಿಯ ಕಾಲರ್ ಸರಿಮಾಡಿಕೊಂಡ.

ಅಲರ್ಜಿಯ ಗುಳಿಗೆ ಸಣ್ಣಮೂಗಿನ ಜೇಬಿನಲ್ಲೇ ಇತ್ತು. ಆದರೆ ಪರೀಕ್ಷೆಯ ದಿನ ಗುಳಿಗೆ ನುಂಗುವ ಹಾಗಿಲ್ಲ, ಅದು ಬಾಯಿ ಒಣಗಿಸುತ್ತದೆ. ಆ ಕೋಣೆಯ ನಿಯಮಗಳು ಬಹಳ ಬಿಗಿ: ಅತ್ತರು ಇಲ್ಲ, ಪೌಡರ್ ಇಲ್ಲ, ಘಮಘಮ ಸೋಪಿಲ್ಲ, ಈರುಳ್ಳಿ ಇಲ್ಲ, ಔಷಧಿ ಇಲ್ಲ. ಅದೂ ಇವತ್ತಿನ ಪರೀಕ್ಷೆ ಸಾಮಾನ್ಯದ್ದಲ್ಲ. ಇಲಿ ವಾಸನೆ ಬರುತ್ತಿದೆ ಎಂದು ಹಿಂದಿನ ಸಲ ದೂರು ಕೊಟ್ಟಿದ್ದ ಇನ್ನೊಂದು ಕಂಪನಿಯ ಖರೀದಿ ಸಾಹೇಬರು ಮೂರು ಗಂಟೆಗೆ ಖುದ್ದಾಗಿ ಬರುವವರಿದ್ದರು. ಮೂವತ್ತೆರಡು ಪೆಟ್ಟಿಗೆಯ ಎಲೆಯನ್ನು ಮೂವತ್ತೆರಡು ತಟ್ಟೆಯಲ್ಲಿ ಹಾಕಿಟ್ಟು, ಇಲಿ ಮುಟ್ಟಿದ್ದು ಯಾವುದೆಂದು ಅವರೆದುರೇ ಮೂಸಿ ಹೇಳಬೇಕು.

ಮೊದಲ ಹತ್ತು ನಿಮಿಷ ಏನೂ ಆಗಲಿಲ್ಲ. ಸಣ್ಣಮೂಗಿಗೆ ನಂಬಲಾಗಲಿಲ್ಲ. ಉಸಿರು ಎಳೆದ, ಗಾಳಿ ತಣ್ಣಗೆ ಒಳಗೆ ಹೋಯಿತು. ಹತ್ತಿರ ಬಗ್ಗಿದ, ಬೆಕ್ಕು ಮೂಗಿಗೆ ಮೂಗು ತಾಗಿಸಿತು. ಏನೂ ಇಲ್ಲ! ನಲವತ್ತೊಂದು ವರ್ಷದ ಜೀವನದಲ್ಲಿ ಒಂದು ಬೆಕ್ಕಿನ ಇಷ್ಟು ಸಮೀಪ ಅವನು ಯಾವತ್ತೂ ಬಂದಿರಲಿಲ್ಲ. ಕೈಯಿಟ್ಟರೆ ಆ ಬರೀ ಮೈ ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯಷ್ಟು ಬಿಸಿ. ಒಳಗಡೆ ಏನೋ ಗುರ್ರ್ ಎಂದು ಓಡುತ್ತಿತ್ತು. ಇಷ್ಟು ದಿನ ಜನ ಇದನ್ನೆಲ್ಲ ಮಡಿಲಲ್ಲಿಟ್ಟುಕೊಂಡು, ಏನೂ ಆಗದವರ ಹಾಗೆ ಪೇಪರ್ ಓದುತ್ತಿದ್ದರಲ್ಲ!

ಹನ್ನೊಂದನೆಯ ನಿಮಿಷಕ್ಕೆ ಮೂಗಿನ ಬುಡದಲ್ಲಿ ಒಂದು ಇರುವೆ ನಡೆದಂತಾಯಿತು.

ಬಟ್ಟಲು ತೊಳೆಯುವ ನೆಪದಲ್ಲಿ ಎದ್ದು ಒಳಗೆ ಓಡಿದ. ಬೆಕ್ಕು ಹಿಂದೆಯೇ ಬಂತು. ಕೂದಲಿಲ್ಲದ ಜೀವಕ್ಕೆ ಚಳಿ ಹೆಚ್ಚು, ಬೆಳಗಿನಿಂದ ನೀರು ಕುದಿಸುವ ಒಲೆಯ ಪಕ್ಕ ನಿಲ್ಲುವ ಸಣ್ಣಮೂಗಿನ ಮೈ ಸದಾ ಬೆಚ್ಚಗೆ. ಇಡೀ ಕಂಪನಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲವೆಂದು ಅದು ಬಂದ ಅರ್ಧ ಗಂಟೆಯಲ್ಲೇ ತೀರ್ಮಾನಿಸಿತ್ತು. ಅಂಗಿ ಹಿಡಿದು ಸರಸರ ಹತ್ತಿ ಹೆಗಲ ಮೇಲೆ ಕೂತು, ಕೊರಳ ಸುತ್ತ ಬಾಲ ಹಾಕಿತು. ಕೆಟಲ್ ಶಿಳ್ಳೆ ಹೊಡೆಯುವವರೆಗೆ ಮೂಗು ಹಿಂಡಿಕೊಂಡು ಕಾದು, ಶಿಳ್ಳೆಯ ಒಳಗೆ ಸಣ್ಣಮೂಗು ತನ್ನ ಮೊದಲ ಸೀನನ್ನು ಸೀನಿದ.

“ಕೆಟಲ್ ಏನೋ ಕೆಮ್ಮಿದ ಹಾಗಾಯ್ತಲ್ಲ?” ಎಂದರು ಹೊರಗಿಂದ ಯಜಮಾನಿ.

“ತಳ ಸವೆದಿದೆ, ಅಮ್ಮಾವ್ರೇ!”

ಎರಡನೆಯದು, ಮೂರನೆಯದು, ನಾಲ್ಕನೆಯದನ್ನು ಗೋದಾಮಿನಲ್ಲಿ ಬಡಗಿಯ ಸುತ್ತಿಗೆ ಏಟಿಗೆ ಹೊಂದಿಸಿಕೊಂಡ. ಟಕ್ ಎಂದರೆ ಆಕ್ಷೀ. ಟಕ್, ಆಕ್ಷೀ. ತಾಳ ಚೆನ್ನಾಗಿಯೇ ಕೂಡಿತ್ತು. ಐದನೆಯದಕ್ಕೆ ಬಡಗಿ ಸುತ್ತಿಗೆ ಎತ್ತಿದವನು, ಬೀಡಿ ನೆನಪಾಗಿ ಹಾಗೇ ನಿಲ್ಲಿಸಿಬಿಟ್ಟ. ಸದ್ದಡಗಿದ ಗೋದಾಮಿನಲ್ಲಿ ಆ ಸೀನು ಒಂಟಿಯಾಗಿ ಮೊಳಗಿತು.

ಮೈದುನ ಮಿಂಚಿನ ಹಾಗೆ ಬಾಗಿಲಲ್ಲಿ ಪ್ರತ್ಯಕ್ಷನಾದ. “ಯಾರು? ಯಾರು ಸೀನಿದ್ದು?”

ಬಡಗಿ ಸಣ್ಣಮೂಗಿನ ಮುಖ ನೋಡಿದ. ಮೈದುನನ ಅಂಗಿ ನೋಡಿದ. “ನಾನು,” ಎಂದ. “ಮರದ ಪುಡಿ.”

ಹನ್ನೆರಡಕ್ಕೆ ಕಣ್ಣೆರಡೂ ಕೆಂಪಾಗಿ ನೀರು ಧಾರಾಕಾರ ಸುರಿಯತೊಡಗಿತು. ಊಟದ ಕೋಣೆಯಲ್ಲಿ ಎಲ್ಲರೂ ಅವನನ್ನೇ ನೋಡಿದರು. ಮೈದುನ, “ಕಣ್ಣಲ್ಲಿ ನೀರು ಯಾಕೆ?” ಎಂದು ಪೊಲೀಸರ ದನಿಯಲ್ಲಿ ಕೇಳಿದ. ಸಣ್ಣಮೂಗಿಗೆ ಬೇರೇನೂ ತೋಚಲಿಲ್ಲ.

“ಗುರುಗಳು ಹೋಗ್ತಿದಾರಲ್ಲ...” ಎಂದ.

ಟೈಪಿಸ್ಟ್ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಜಮಾನಿ ಮುಖ ತಿರುಗಿಸಿಕೊಂಡರು. ದೊಡ್ಡಮೂಗು ತಮ್ಮ ಬುತ್ತಿ ಮುಚ್ಚಿಟ್ಟು ಎದ್ದು ಬಂದು, ಶಿಷ್ಯನ ಬೆನ್ನ ಮೇಲೆ ಕೈಯಿಟ್ಟು, ಹೊರಗೆ ಹೋದರು. ಸಣ್ಣಮೂಗಿಗೆ ನಾಚಿಕೆಯಾಗಿ ನಿಜವಾಗಿಯೂ ಅಳು ಬಂತು. ಎರಡೂ ನೀರು ಒಂದರಲ್ಲೊಂದು ಸೇರಿ ಯಾವುದು ಯಾವುದೆಂದು ಅವನಿಗೇ ಗೊತ್ತಾಗಲಿಲ್ಲ.

ಎರಡು ಗಂಟೆಗೆ ಸೀನು ತಾನಾಗಿ ನಿಂತಿತು. ದೇವರು ಕಣ್ಣುಬಿಟ್ಟ ಎಂದುಕೊಂಡು, ಮೂರು ಗಂಟೆಯ ಪರೀಕ್ಷೆಗೆ ಮೂಗು ಹದ ಮಾಡಿಕೊಳ್ಳಲು ಒಂದು ಹಿಡಿ ಎಲೆ ಮೂಸಿದ. ವಾಸನೆ ಇಲ್ಲ. ಇನ್ನೊಂದು ಹಿಡಿ ಮೂಸಿದ. ಇಲ್ಲ. ಬೆವರಿ, ಬಚ್ಚಲಿಗೆ ಹೋಗಿ ಫಿನಾಯಿಲ್ ಬಾಟಲಿ ಬಿರಡೆ ತೆಗೆದು ಮೂಗಿಗೇ ಒತ್ತಿದ. ಬಾವಿ ನೀರು ಮೂಸಿದ ಹಾಗಿತ್ತು. ಎರಡೂ ಹೊಳ್ಳೆ ಗೋಡೆ ಕಟ್ಟಿದ ಹಾಗೆ ಮುಚ್ಚಿಹೋಗಿದ್ದವು. ಸೀನು ಹೊರಬರಲೂ ದಾರಿಯಿಲ್ಲ, ವಾಸನೆ ಒಳಹೋಗಲೂ ದಾರಿಯಿಲ್ಲ. ಬೆಕ್ಕು ಹೆಗಲ ಮೇಲೆ ನಿದ್ದೆ ಹೋಗಿತ್ತು.

ಮೂರಕ್ಕೆ ಸರಿಯಾಗಿ ಖರೀದಿ ಸಾಹೇಬರು ಬಂದರು. ತೆಳ್ಳಗೆ ಉದ್ದ ಮನುಷ್ಯ, ನಗುವುದನ್ನು ಯಾರೋ ಬೇಡವೆಂದು ಹೇಳಿದ ಹಾಗೆ ಮುಖ. ಉದ್ದನೆಯ ಮೇಜಿನ ಮೇಲೆ ಮೂವತ್ತೆರಡು ತಟ್ಟೆ. ಆಚೆ ಬದಿಯಲ್ಲಿ ಕೈ ಹಿಂದೆ ಕಟ್ಟಿಕೊಂಡು ದೊಡ್ಡಮೂಗು. ಅವರ ಪದ್ಧತಿಯೇ ಹಾಗೆ. ಶಿಷ್ಯ ಮೊದಲು ಮೂಸಬೇಕು, ಅವರು ಎದುರು ನಿಂತು ನೋಡಬೇಕು, ಕೊನೆಗೆ ತಾವು ಮೂಸಿ ತೀರ್ಪು ಕೊಡಬೇಕು.

“ಬೆಕ್ಕು ಹೆಗಲ ಮೇಲೇ ಇರಲಿ,” ಎಂದರು ಯಜಮಾನಿ ಹೆಮ್ಮೆಯಿಂದ. “ಅಲರ್ಜಿಯವರಿಗೆ ಒಗ್ಗೋ ಜಾತಿ, ಸಾಹೇಬ್ರೇ. ಬೆಳಿಗ್ಗೆಯಿಂದ ಒಂದು ಸೀನಿಲ್ಲ.”

ಮೊದಲ ತಟ್ಟೆ. ಸಣ್ಣಮೂಗು ಬಗ್ಗಿದ, ಎಳೆದ. ಏನೂ ಇಲ್ಲ. ತಲೆಯಾಡಿಸಿ ಮುಂದೆ ಹೋದ. ಎರಡು, ಮೂರು, ನಾಲ್ಕು, ಹೀಗೇ ತಲೆಯಾಡಿಸುತ್ತ ಹೋದರೆ ಸಂಜೆಯ ಹೊತ್ತಿಗೆ ಮಾನ, ಕೆಲಸ ಎರಡೂ ಲಾರಿ ಹತ್ತುವುದು ಗ್ಯಾರಂಟಿ ಎಂದುಕೊಂಡ. ಐದು, ಆರು. ಏಳನೆಯ ತಟ್ಟೆಯ ಮೇಲೆ ಬಗ್ಗಿದಾಗ ಹೆಗಲಿಗೆ ಐದು ಸೂಜಿ ಒಟ್ಟಿಗೆ ಚುಚ್ಚಿದವು.

ಬೆಕ್ಕು ಎದ್ದು ನಿಂತಿತ್ತು. ಕಿವಿಯೆರಡೂ ಮುಂದಕ್ಕೆ ಬಾಗಿ ನೆಟ್ಟಗಾಗಿದ್ದವು. ಆ ಹಸಿರು ಕಣ್ಣು ತಟ್ಟೆಯನ್ನಲ್ಲ, ತಟ್ಟೆಯ ಹಿಂದಿನ ಯಾವುದೋ ರಹಸ್ಯವನ್ನು ನೋಡುತ್ತಿತ್ತು.

“ಇದು,” ಎಂದ ಸಣ್ಣಮೂಗು. ದನಿ ತನ್ನದೆಂದು ಅನ್ನಿಸಲಿಲ್ಲ.

ದೊಡ್ಡಮೂಗು ಬಗ್ಗಿದರು, ಕಣ್ಣು ಮುಚ್ಚಿದರು. “ಹೌದು,” ಎಂದರು. ಬಡಗಿ ಏಳನೆಯ ಪೆಟ್ಟಿಗೆ ಒಡೆದು ಸುರಿದ. ಮೂಲೆಯಲ್ಲಿ ಇಲಿ ಕೊರೆದ ತೂತು.

ಬೆಕ್ಕು ಮತ್ತೆ ಮಲಗಿತು. ಎಂಟು, ಒಂಬತ್ತು, ಹತ್ತು... ಹದಿನೈದಕ್ಕೆ ಉಗುರು. “ಇದೂ.” ದೊಡ್ಡಮೂಗು ಮೂಸಿ ಹೌದೆಂದರು. ಒಡೆದರೆ ತಳದಲ್ಲಿ ಚೂರುಚೂರಾದ ಕಾಗದ. ಮೈದುನನ ಬಾಯಿ ತೆರೆದದ್ದು ತೆರೆದೇ ಇತ್ತು. ಇಪ್ಪತ್ತಾರಕ್ಕೆ ಬೆಕ್ಕು ಉಗುರು ಊರಿದ್ದಷ್ಟೇ ಅಲ್ಲ, ಮೈಯೆಲ್ಲ ತಂತಿಯ ಹಾಗೆ ಬಿಗಿದು, ಗಂಟಲಲ್ಲಿ ಸಣ್ಣಗೆ ಹಲ್ಲು ಕಡಿಯುವಂಥ ಸದ್ದು ಮಾಡಿತು.

“ಇದರಲ್ಲಿ... ಜೀವ ಇದೆ,” ಎಂದ ಸಣ್ಣಮೂಗು.

ಖರೀದಿ ಸಾಹೇಬರು ಆ ಪೆಟ್ಟಿಗೆಯನ್ನು ಸುತ್ತು ಹಾಕಿ ನೋಡಿದರು. ತೂತಿಲ್ಲ, ಕಲೆಯಿಲ್ಲ, ಹೊಸದರ ಹಾಗಿತ್ತು. “ಇದು ಸಾಧ್ಯ ಇಲ್ಲ,” ಎಂದರು. ಬಡಗಿ ಮುಚ್ಚಳ ಕಿತ್ತು ನಿಧಾನ ಸುರಿದ. ಎಲೆ ಬಿತ್ತು, ಬಿತ್ತು, ಬೀಳುತ್ತಲೇ ಇತ್ತು. ಕೊನೆಗೆ ತಳದಲ್ಲಿ, ಹೊರಗಿಂದ ಕಾಣದ ಅಡಿಹಲಗೆಯ ತೂತಿನ ಪಕ್ಕ, ಹತ್ತಿ ಎಳೆಯ ಪುಟ್ಟ ಗೂಡು. ಗೂಡಿನಲ್ಲಿ ಕಣ್ಣೂ ಬಿಡದ ಐದು ಇಲಿಮರಿ, ಹೆಬ್ಬೆರಳಿಗಿಂತ ಚಿಕ್ಕವು, ಗುಲಾಬಿ ಬಣ್ಣದವು, ಉಸಿರಾಡುತ್ತಿದ್ದವು.

ಎಲ್ಲರ ಬೆರಳೂ ಮೂಗಿನ ಮೇಲೆ. ಬಡಗಿ ಗೂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಿತ್ತಲಿಗೆ ನಡೆದ. ಸಣ್ಣಮೂಗಿಗೆ ಮೈ ಜುಮ್ಮೆಂದಿತು. ತನ್ನ ಹೆಗಲ ಮೇಲೆ ಕೂತಿರುವುದು ಬೆಕ್ಕಲ್ಲ, ಇನ್ನೇನೋ ದೊಡ್ಡದು ಎಂದು ಅವನಿಗೆ ಆ ಕ್ಷಣ ಖಂಡಿತ ಅನ್ನಿಸಿತು.

ಖರೀದಿ ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಇಪ್ಪತ್ತೆಂಟು ವರ್ಷದಲ್ಲಿ ಇಂಥ ಮೂಗು ನೋಡಿಲ್ಲ,” ಎಂದರು. “ಇನ್ನು ಮುಂದೆ ಇವರು ನೋಡಿದ ಪೆಟ್ಟಿಗೆ ಮಾತ್ರ ನಮಗೆ ಕಳಿಸಿ. ಕರಾರಿನಲ್ಲೇ ಬರೀರಿ. ಹಾಂ, ಬೆಕ್ಕು ಕೂಡ ಹೀಗೇ ಜೊತೆಗಿರಲಿ, ಗೋದಾಮಿನಲ್ಲಿ ಇಲಿ ಇಲ್ಲ ಅನ್ನೋದಕ್ಕೆ ನನಗೆ ಅದೇ ಖಾತರಿ. ಅದನ್ನೂ ಬರೀರಿ.”

ಟೈಪಿಸ್ಟ್ ಅಕ್ಕ ಆಗಲೇ ಟಕಟಕ ಶುರುಮಾಡಿದ್ದಳು. ಯಜಮಾನಿ ಎಲ್ಲರೆದುರು ಬೆಳ್ಳಿ ಚಮಚ ತಂದು ಸಣ್ಣಮೂಗಿನ ಕೈಗಿಟ್ಟರು. ಮೈದುನ ಕೂಡ ಚಪ್ಪಾಳೆ ತಟ್ಟಿದ.

ಎಲ್ಲ ಮುಗಿದ ಮೇಲೆ ಪರೀಕ್ಷೆ ಕೋಣೆಯಲ್ಲಿ ಗುರು, ಶಿಷ್ಯ, ಬೆಕ್ಕು ಮೂವರೇ ಉಳಿದರು. ಚಮಚ ಸಣ್ಣಮೂಗಿನ ಕೈಯಲ್ಲಿ ಕಾದ ಕಬ್ಬಿಣದ ಹಾಗೆ ಸುಡುತ್ತಿತ್ತು. ಈ ಮನುಷ್ಯರೆದುರು ಸುಳ್ಳು ಹೇಳಿಕೊಂಡು ಅವರ ಕುರ್ಚಿಯಲ್ಲಿ ಕೂರಲು ಅವನಿಂದ ಆಗಲಿಲ್ಲ.

“ಗುರುಗಳೇ, ತಪ್ಪಾಯ್ತು,” ಎಂದ. “ಮಧ್ಯಾಹ್ನದಿಂದ ನನ್ನ ಮೂಗು ಕಟ್ಟಿದೆ. ಫಿನಾಯಿಲ್ ಕೂಡ ಗೊತ್ತಾಗ್ಲಿಲ್ಲ. ಮೂಸಿದ್ದು ನಾನಲ್ಲ, ಈ ಬೆಕ್ಕು. ನಿಮ್ಮಂಥ ಮೂಗಿನ ಮುಂದೆ ನಾಟಕ ಮಾಡ್ಬಿಟ್ಟೆ.”

ದೊಡ್ಡಮೂಗು ಕೋಟು ಹಾಕಿಕೊಳ್ಳುತ್ತಿದ್ದರು. ಒಂದು ತೋಳು ಹಾಕಿದವರು ಹಾಗೇ ನಿಂತರು.

“ಗೊತ್ತಾಯ್ತು,” ಎಂದರು. “ನಾನೂ ಅದರ ಕಿವೀನೇ ನೋಡ್ತಿದ್ದೆ.”

“ನೀವ್ಯಾಕೆ ಕಿವಿ ನೋಡ್ಬೇಕು? ನೀವು ಮೂಸಿದ್ರಲ್ಲ?”

“ಬಗ್ಗಿದೆ ಕಣಪ್ಪಾ. ಮೂಸಲಿಲ್ಲ.” ಬಾಗಿಲು ಮುಚ್ಚಿದೆಯೇ ಎಂದು ನೋಡಿ ದನಿ ಇಳಿಸಿದರು. “ಒಂಬತ್ತು ವರ್ಷದ ಹಿಂದೆ ನನಗೊಂದು ಜ್ವರ ಬಂತಲ್ಲ, ಅದು ಹೋಗ್ತಾ ವಾಸನೆ ತಗೊಂಡು ಹೋಯ್ತು. ಆವತ್ತಿಂದ ನನಗೆ ಮಲ್ಲಿಗೇನೂ ಒಂದೇ, ಮೋರಿನೂ ಒಂದೇ.”

ಸಣ್ಣಮೂಗು ಮೇಜು ಹಿಡಿದುಕೊಂಡ. “ಮತ್ತೆ ಒಂಬತ್ತು ವರ್ಷದಿಂದ... ಒಂದು ಸಲಾನೂ ತಪ್ಪಿಲ್ಲ ನೀವು!”

“ನಾನೆಲ್ಲಿ ತಪ್ಪಲಿ? ನಿನ್ನ ಎಡಗಡೆ ಹೊಳ್ಳೆ ಇದೆಯಲ್ಲ, ಎಲೆ ಕೆಟ್ಟಿದ್ರೆ ಅದು ಒಂಚೂರು ಅದುರುತ್ತೆ. ನಿನಗೆ ಕೆಟ್ಟಿದೆ ಅಂತ ಅನ್ನಿಸೋ ಮೊದಲೇ ಅದಕ್ಕೆ ಗೊತ್ತಾಗಿರುತ್ತೆ. ನಾನು ಎದುರು ನಿಂತು ಅದನ್ನ ನೋಡ್ಕೊಂಡು ಹೇಳ್ತಿದ್ದೆ, ಅಷ್ಟೇ. ಇವತ್ತು ಅದು ಕಲ್ಲಿನ ಹಾಗೆ ಕೂತಿತ್ತು. ನನ್ನ ಎದೆ ಧಸಕ್ ಅಂತು. ಪುಣ್ಯಕ್ಕೆ ಕಿವಿ ಕಾಣಿಸ್ತು.”

ಸಣ್ಣಮೂಗಿಗೆ ನಿಂತ ನೆಲ ತಿರುಗಿತು. ಹದಿನಾಲ್ಕು ವರ್ಷದಲ್ಲಿ ಒಂಬತ್ತು ವರ್ಷ ತಾನು ಬೆರಗಾಗಿ ನೋಡಿದ್ದು, ಕೈಮುಗಿದದ್ದು, ಹೆಂಡತಿಯ ಮುಂದೆ ಹೊಗಳಿ ಹೊಗಳಿ ಅವಳ ಕಿವಿ ತೂತು ಮಾಡಿದ್ದು ಎಲ್ಲ ತನ್ನದೇ ಮೂಗನ್ನು! ಎದೆ ಉಬ್ಬಿತು. ಕಣ್ಣು ತುಂಬಿತು. ಈ ಸಲ ಅದಕ್ಕೂ ಬೆಕ್ಕಿಗೂ ಸಂಬಂಧ ಇರಲಿಲ್ಲ.

“ಹಾಗಾದ್ರೆ ಗುರುಗಳೇ... ಅಷ್ಟು ದೊಡ್ಡ ಮೂಗು ನಂದೇನಾ?”

“ನಿಂದೇ ಆಗಿತ್ತು,” ಎಂದು ದೊಡ್ಡಮೂಗು ಇನ್ನೊಂದು ತೋಳು ಹಾಕಿಕೊಂಡರು. “ಇವತ್ತು ಬೆಳಿಗ್ಗೆ ಒಂಬತ್ತೂವರೆವರೆಗೆ.”

ಅವರು ಶಿಷ್ಯನ ಕೆನ್ನೆ ತಟ್ಟಿ, ಬೆಕ್ಕಿಗೆ ವಿಶೇಷವಾಗಿ ತಲೆಬಾಗಿ, ಹಗುರಾದ ಮನುಷ್ಯನ ನಡಿಗೆಯಲ್ಲಿ ಹೊರಟುಹೋದರು. ಅಷ್ಟರಲ್ಲಿ ಮೈದುನ ಮೂರು ಬಟ್ಟಲು ಚಹಾ ತಂದು ಮೇಜಿನ ಮೇಲಿಟ್ಟ. ಖರೀದಿ ಸಾಹೇಬರು ಹೊರಡುವ ಮೊದಲು ಹೊಸ ದೊಡ್ಡಮೂಗಿನ ಒಂದು ತೀರ್ಪು ಬೇಕೆಂದಿದ್ದರಂತೆ. ಇಟ್ಟವನು ಹೋಗಲಿಲ್ಲ, ಮೇಜಿನ ಆಚೆ ಬದಿಗೆ ಹೋಗಿ ಕೈ ಹಿಂದೆ ಕಟ್ಟಿ ನಿಂತುಕೊಂಡ.

“ಇನ್ಮೇಲೆ ನಾನು ನಿಮ್ಮ ಕೈಕೆಳಗಂತೆ,” ಎಂದ. “ಎದುರು ನಿಂತು ಮುಖ ನೋಡ್ತಾ ಇರು, ಎಲ್ಲ ತಾನಾಗೇ ಬರುತ್ತೆ ಅಂತ ದೊಡ್ಡವರು ಹೇಳಿದ್ರು.”

ಹೊಸ ದೊಡ್ಡಮೂಗು ಬೆಳ್ಳಿ ಚಮಚವನ್ನು ಮೊದಲ ಬಟ್ಟಲಿಗೆ ಅದ್ದಿ ಎತ್ತಿದ. ಮೈದುನ ಅವನ ಮೂಗನ್ನೇ ನೋಡುತ್ತಿದ್ದ. ಹೊಸ ದೊಡ್ಡಮೂಗು ಬೆಕ್ಕಿನ ಕಿವಿ ನೋಡಿದ. ಬೆಕ್ಕು ನಿದ್ದೆ ಹೋಗಿತ್ತು.